ಮೂತಿ ಎತ್ತಿದ ಗಾಡಿಯ ಇಳಿಜಾರು

"ಇನ್ನೊಂದು ಚೂರು ಸುರಿ," ಎಂದು ಗಾಡಿಯ ಅಡಿಯಿಂದ ದನಿ ಬಂತು.

ಠಾಣೆಯ ಪೇದೆ ಬಗ್ಗಿ, ಕರಕಲಾದ ಎಂಜಿನ್ನಿನ ಪಕ್ಕ ತೂರಿಸಿದ್ದ ಪಾರದರ್ಶಕ ಕೊಳವೆಯ ಬಾಯಿಗೆ ಎಣ್ಣೆ ಸುರಿದ. "ಸರ್, ನೀವು ಒಳಗೆ ಹೋಗಿ ಬಹಳ ಹೊತ್ತಾಯ್ತು. ನಿದ್ದೆಗಿದ್ದೆ ಹತ್ತಿದ್ರೆ ಹೇಳಿ, ದಿಂಬು ತಂದ್ಕೊಡ್ತೀನಿ."

"ಎಣ್ಣೆ ಸುರಿಯಪ್ಪ. ಮಾತು ಆಮೇಲೆ ಸುರಿಯೋಣ."

ಅಡಿಯಲ್ಲಿ ರಟ್ಟು ಹಾಸಿಕೊಂಡು ಮಲಗಿದ್ದವರನ್ನು ಊರೆಲ್ಲ ನಿಧಾನಪ್ಪ ಎಂದೇ ಕರೆಯುತ್ತಿತ್ತು. ವಾಹನ ತಪಾಸಣೆಯ ಕೆಲಸದಲ್ಲಿದ್ದಾಗ, ಬೇರೆಯವರು ಒಂದು ಸಾಲು ಗಾಡಿ ನೋಡಿ ಮುಗಿಸುವ ಹೊತ್ತಿಗೆ ಅವರು ಒಂದರ ಬ್ರೇಕು ನೋಡಿ ಮುಗಿಸಿರುತ್ತಿದ್ದರು. ನಿವೃತ್ತಿಯಾದ ಮೇಲೆ ಅಪಘಾತದ ಗಾಡಿಗಳ ಗುಟ್ಟು ಬಿಡಿಸುವುದೇ ಅವರ ಕಸುಬಾಯಿತು. ಹೆಸರು ಬದಲಾಗಲಿಲ್ಲ, ನಡೆಯೂ ಬದಲಾಗಲಿಲ್ಲ.

ಆದರೆ ಇವತ್ತು ನಿಧಾನಕ್ಕೆ ಜಾಗವಿರಲಿಲ್ಲ. ಓಟದ ಮೈದಾನದಲ್ಲಿ ಈ ಗಾಡಿಗೆ ಬೆಂಕಿ ಹತ್ತಿ, ಓಡಿಸುತ್ತಿದ್ದವನು ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಬಿದ್ದಿದ್ದ. ಗಾಡಿಗೆ ಟರ್ಬೊ ಕೂರಿಸಿದ ಅವನಿಗೆ ಹೆಣ್ಣು ಕೊಟ್ಟ ಮಾವ, ಗ್ಯಾರೇಜಿನ ಮೇಸ್ತ್ರಿ, "ತಪ್ಪು ನನ್ನದೇ" ಎಂದು ತಾನಾಗಿ ಠಾಣೆಗೆ ಬಂದು ಕೂತಿದ್ದ. ಮಧ್ಯಾಹ್ನ ನ್ಯಾಯಾಧೀಶರ ಮುಂದೆ ಅದೇ ಮಾತು ಹೇಳಿಬಿಟ್ಟರೆ ಮುಗಿಯಿತು. ಆ ಮಾತನ್ನು ಮತ್ತೆ ಬಾಯೊಳಕ್ಕೆ ಹಾಕಿಕೊಳ್ಳಲಾಗುವುದಿಲ್ಲ.

ಮೇಸ್ತ್ರಿಯ ಮಗಳು ನಿಧಾನಪ್ಪನವರ ಮನೆಬಾಗಿಲಿಗೆ ಬಂದು ಕೇಳಿದ್ದು ಒಂದೇ ಮಾತು. "ಅಪ್ಪನ ಕೈ ಅಂಥ ಕೆಲಸ ಮಾಡಲ್ಲ, ದೊಡ್ಡಪ್ಪ. ಅದನ್ನ ಯಾರಾದ್ರೂ ನಂಬೋ ಹಾಗೆ ಮಾಡಿ."

ನಿಧಾನಪ್ಪ ಕೊಳವೆಯತ್ತ ಟಾರ್ಚು ಹಿಡಿದರು.

ಆ ಎಂಜಿನ್ನು ಎಲ್ಲ ಎಂಜಿನ್ನುಗಳಂಥದಲ್ಲ. ಅದರಲ್ಲಿ ಮೇಲೆ ಕೆಳಗೆ ಕುಣಿಯುವ ಪಿಸ್ಟನ್ನಿಲ್ಲ. ಮೂರು ಮೂಲೆಯ ರೋಟರು ಮೊಟ್ಟೆಯಾಕಾರದ ಗೂಡಿನೊಳಗೆ ಗಿರಗಿರ ತಿರುಗುತ್ತದೆ. ರೋಟರಿ ಎಂಜಿನ್ನು. ಅದಕ್ಕೆ ಗಾಳಿ ಒತ್ತಿ ತುಂಬುವ ಟರ್ಬೊ ಕೂರಿಸಿದರೆ ಹುಚ್ಚು ಹಿಡಿದ ಹಾಗೆ ಓಡುತ್ತದೆ. ಆದರೆ ಟರ್ಬೊಗೆ ಎಣ್ಣೆ ಬೇಕು. ಪಂಪು ಸಣ್ಣ ಪೈಪಿನಲ್ಲಿ ಎಣ್ಣೆಯನ್ನು ಒತ್ತಿ ಕಳಿಸುತ್ತದೆ. ಒಳಗೆ ತಿರುಗುವ ಅಚ್ಚನ್ನು ತಣಿಸಿ, ಕಡೆದು ನೊರೆನೊರೆಯಾದ ಆ ಎಣ್ಣೆ ಹಿಂದಿರುಗಿ ಎಂಜಿನ್ನಿನ ತಳದ ಚೇಂಬರಿಗೆ ಬೀಳಬೇಕು.

ಹೋಗುವಾಗ ನೂಕುವವರಿದ್ದಾರೆ. ಬರುವಾಗ ಯಾರೂ ಇಲ್ಲ. ತನ್ನ ಭಾರದಿಂದಲೇ ತಾನು ಇಳಿದು ಬರಬೇಕು. ಅದಕ್ಕೇ ಎಣ್ಣೆ ಹಿಂದಿರುಗುವ ಈ ಪೈಪು, ರಿಟರ್ನ್ ಲೈನು, ದಪ್ಪಗಿರಬೇಕು, ಉದ್ದಕ್ಕೂ ಇಳಿಜಾರಿರಬೇಕು, ಎಲ್ಲೂ ಜೋತುಬಿದ್ದು ಹೊಟ್ಟೆ ಬಿಡಬಾರದು.

ಈ ಗಾಡಿಯಲ್ಲಿ ರಬ್ಬರಿನ ಲೈನು ಪೂರ್ತಿ ಸುಟ್ಟುಹೋಗಿತ್ತು. ಉಳಿದದ್ದು ಅದನ್ನು ಹಿಡಿದಿದ್ದ ಕಬ್ಬಿಣದ ಪಟ್ಟಿಗಳು ಮಾತ್ರ. ಆ ಪಟ್ಟಿಗಳೊಳಗೇ ನಿಧಾನಪ್ಪ ಹೊಸ ಕೊಳವೆ ತೂರಿಸಿದ್ದರು. ಅದು ಟರ್ಬೊದಿಂದ ಇಳಿದು, ಹಿಂದಕ್ಕೆ ಹೊರಳಿ, ನಡುವೆ ಜೋತುಬಿದ್ದು, ಕೊನೆಗೆ ಚೇಂಬರಿನ ಹಿಂಭಾಗದ ತೂತಿಗೆ ಮೇಲಕ್ಕೆ ಹತ್ತುತ್ತಿತ್ತು. ಪೇದೆ ಸುರಿದ ಎಣ್ಣೆ ಆ ಹೊಟ್ಟೆಯಲ್ಲಿ ನಿಂತು, ಮುಂದಕ್ಕೆ ಹೋಗಲು ದಾರಿಯಿಲ್ಲದೆ ಬಂದ ದಾರಿಯಲ್ಲೇ ಮೇಲೇರತೊಡಗಿತು.

"ನಿಂತ್ಬಿಡ್ತು ಸರ್."

"ಹೂಂ. ಕಣ್ಣಿದ್ದೋನು ಯಾರೂ ಹೀಗೆ ಎಳೆಯಲ್ಲ." ನಿಧಾನಪ್ಪ ಪಟ್ಟಿಗಳ ಮೇಲೆ ಟಾರ್ಚು ಹರಿಸಿದರು. "ಜಾಕ್ ಇದ್ಯಾ? ಮುಂದಿನ ಚಕ್ರ ಎರಡೂ ನೆಲ ಬಿಡೋ ಹಾಗೆ ಎತ್ತು."

"ನೀವು ಅಡಿಯಲ್ಲಿರುವಾಗಲೇನಾ?"

"ಜಾಕ್ ಎತ್ತಿ ಸ್ಟ್ಯಾಂಡ್ ಕೊಡು. ಎತ್ತುವಾಗ ಎಣ್ಣೆ ಏನ್ಮಾಡುತ್ತೆ ಅಂತ ಅಡಿಯಿಂದಲೇ ನೋಡ್ಬೇಕು." ಅವರು ಹೊರಗೆ ಬಂದು, ಕಣ್ಣು ಮುಚ್ಚಿ, ತುಟಿಯಲ್ಲೇ ಏನೋ ಅಂದುಕೊಂಡು ಮತ್ತೆ ಅಡಿಗೆ ತೆವಳಿದರು.

"ಯಾವ ದೇವರನ್ನ ನೆನೆಸ್ಕೊಂಡ್ರಿ ಸರ್?"

"ಗಾಡಿ ಅಡಿ ಮಲಗಿದೋನಿಗೆ ಜಾಕ್ ಹಿಡಿದೋನೇ ದೇವರು. ನಿನ್ನನ್ನೇ."

ಪೇದೆ ನಕ್ಕ. ಗಾಡಿ ಮೂತಿ ಎತ್ತಿ ನಿಂತಿತು.

ನಿಂತಿದ್ದ ಎಣ್ಣೆ ಅಲುಗಿತು. ಕೊಳವೆಯ ಹೊಟ್ಟೆ ಮಾಯವಾಗಿತ್ತು. ಗಾಡಿಯ ಹಿಂಭಾಗ ತಗ್ಗಿದ್ದರಿಂದ ಹಿಂದಿನ ತೂತೇ ಈಗ ಎಲ್ಲಕ್ಕಿಂತ ಕೆಳಗೆ. ಎಣ್ಣೆ ಯಾರ ಮಾತಿಗೂ ಕಾಯದೆ ಸರಸರ ಇಳಿದು ಕೊಳವೆಯ ತುದಿಗೆ ಇಟ್ಟಿದ್ದ ಬಟ್ಟಲಿಗೆ ತೊಟ್ಟಿಕ್ಕಿತು. ಹೊಸ ಮನೆಯ ಮಾಡಿನಿಂದ ಮಳೆನೀರು ಬಿದ್ದಷ್ಟು ಚೊಕ್ಕವಾಗಿ.

"ಅರೆ, ಇದಕ್ಕೆ ಈಗ ಬುದ್ಧಿ ಬಂತಲ್ಲ," ಎಂದ ಪೇದೆ.

ನಿಧಾನಪ್ಪ ಬಟ್ಟಲಿನ ಎಣ್ಣೆಯನ್ನು ನೋಡಿದರು. ಲೈನು ಎಳೆದವರು ಕುರುಡರಲ್ಲ, ಕೆಲಸಗೇಡಿಗಳೂ ಅಲ್ಲ. ಅವರು ಎಳೆಯುವಾಗ ಗಾಡಿ ಹೀಗೆ ನಿಂತಿತ್ತು, ಅಷ್ಟೆ. ಆದರೆ ಆ ತಿಳಿವು ನಿಧಾನಪ್ಪನವರಿಗೆ ಹಗುರ ತರಲಿಲ್ಲ. ಒಬ್ಬರನ್ನು ಬಿಡಿಸುವ ಗಂಟು ಇನ್ನೊಬ್ಬರ ಕೊರಳಿಗೆ ಬೀಳುವುದು ಅವರಿಗೆ ಆಗಲೇ ಕಂಡಿತ್ತು.

*

ಮೇಸ್ತ್ರಿ ಠಾಣೆಯ ಒಳಕೋಣೆಯ ಬೆಂಚಿನ ಮೇಲೆ ಕೂತಿದ್ದ. ಕಿಟಕಿಯ ಸರಳಿಗೆ ಯಾರೋ ಒಣಗಹಾಕಿದ್ದ ಟವೆಲ್ಲು ಗಾಳಿಗೆ ಆಡುತ್ತಿತ್ತು. ಎಷ್ಟು ತೊಳೆದರೂ ಹೋಗದ ಕಪ್ಪು ಅವನ ಉಗುರಿನ ಸಂದಿಯಲ್ಲಿತ್ತು.

"ಬನ್ನಿ ಸ್ವಾಮಿ," ಎಂದ. "ನಿಮ್ಮನ್ನ ಯಾರು ಕರೆಸಿದ್ದು ಅಂತ ಗೊತ್ತು. ಬೇಡ ಅಂದ್ರೂ ಕೇಳಲ್ಲ ಅವಳು."

"ಅಪ್ಪನ ಮಗಳಲ್ವ," ಎಂದು ನಿಧಾನಪ್ಪ ಪಕ್ಕದಲ್ಲಿ ಕೂತರು. ಬೆನ್ನಿಗೆ ಅಂಟಿದ್ದ ರಟ್ಟಿನ ಚೂರನ್ನು ಕಿತ್ತು ಜೇಬಿಗೆ ಹಾಕಿಕೊಂಡರು. "ಒಂದೇ ಒಂದು ಕೇಳ್ತೀನಿ. ರಿಟರ್ನ್ ಲೈನನ್ನ ಚೇಂಬರಿಗೆ ಎಲ್ಲಿ ಸೇರಿಸ್ದೆ?"

"ಮುಂದಿನ ತೂತಿಗೆ. ಇನ್ನೆಲ್ಲಿ?"

"ಗಾಡೀಲಿ ಅದು ಹಿಂದಿನ ತೂತಿಗೆ ಇದೆ."

ಮೇಸ್ತ್ರಿಯ ಕಣ್ಣು ಒಂದು ಸಲ ಮಿಟುಕಿತು. "ಹಾಗಾದ್ರೆ ಹಿಂದಿನದಕ್ಕೇ ಇರ್ಬೇಕು. ವಯಸ್ಸಾಯ್ತಲ್ಲ ಸ್ವಾಮಿ, ಮರೆವು."

"ಬೋಲ್ಟ್ ಹಾಕಿ ಮುಚ್ಚಿದ್ದ ಹಿಂದಿನ ತೂತನ್ನ ಬಿಚ್ಚಿ ಹಾಕೋಕೆ ಏನಾದ್ರೂ ಕಾರಣ ಇತ್ತಾ?"

"ಮನಸ್ಸು ಬಂತು."

"ಮನಸ್ಸು ಬಂದ್ರೆ ಜನ ಸಿನಿಮಾಕ್ಕೆ ಹೋಗ್ತಾರೆ ಮೇಸ್ತ್ರಿ. ಲೈನ್ ಬದಲಾಯಿಸಲ್ಲ."

ಮೇಸ್ತ್ರಿಗೆ ನಗು ಬರುವ ಹಾಗಾಗಿ ಬರಲಿಲ್ಲ. "ನಾನು ಒಪ್ಕೊಂಡಿದೀನಲ್ಲ. ಒಪ್ಕೊಂಡೋನ ಮೇಲೆ ನಿಮಗೇನು ಕೋಪ?"

"ಕೋಪ ಇಲ್ಲ. ಸಂಕಟ." ನಿಧಾನಪ್ಪ ದನಿ ಇಳಿಸಿದರು. "ನಿನ್ನ ಗ್ಯಾರೇಜಲ್ಲಿ ಗಾಡಿ ಯಾವತ್ತಾದ್ರೂ ಮೂತಿ ಎತ್ತಿ ನಿಂತದ್ದುಂಟಾ?"

ಮೇಸ್ತ್ರಿ ಉಗುರಿನ ಸಂದಿ ಕೆರೆಯತೊಡಗಿದ.

ಆ ಗ್ಯಾರೇಜು ನಿಧಾನಪ್ಪನವರಿಗೆ ಅಂಗೈಯಷ್ಟು ಪರಿಚಯ. ನೆಲದ ನಡುವೆ ಆಳುದ್ದ ಗುಂಡಿ. ಗಾಡಿ ಗುಂಡಿಯ ಮೇಲೆ ಬಂದು ನಿಲ್ಲುತ್ತದೆ, ಕೆಲಸಗಾರ ಮೆಟ್ಟಿಲಿಳಿದು ಅಡಿಗೆ ಹೋಗುತ್ತಾನೆ. "ಗಾಡಿಯನ್ನ ಯಾಕೆ ಎತ್ಬೇಕು, ನಾನೇ ಇಳೀತೀನಿ," ಎನ್ನುವುದು ಮೇಸ್ತ್ರಿಯ ಜಂಬದ ಮಾತು. ಆ ನೆಲವನ್ನು ಅವನೇ ನೀರು ಹರಿಸಿ ನೋಡಿ ಮಟ್ಟ ಮಾಡಿಸಿದ್ದ. ಅಲ್ಲಿ ಕಣ್ಣಿಗೆ ಇಳಿಜಾರು ಕಂಡರೆ ಅದು ನಿಜವಾಗಿಯೂ ಇಳಿಜಾರೇ.

"ಆ ಲೈನ್ ಎಳೆದೋರು ಗಾಡಿಯ ಮುಂಭಾಗ ಎತ್ತಿ ನಿಲ್ಲಿಸ್ಕೊಂಡು ಎಳೆದಿದಾರೆ," ಎಂದರು ನಿಧಾನಪ್ಪ. "ಗುಂಡಿ ಇಲ್ಲದ ಜಾಗ. ಎರಡು ಸ್ಟ್ಯಾಂಡು, ಅಳಿಯನ ಮನೆಯ ಶೆಡ್ಡು."

ಮೇಸ್ತ್ರಿ ಎರಡೂ ಅಂಗೈಯಿಂದ ಮುಖ ಒರೆಸಿಕೊಂಡ. ಒರೆಸಿ ಮುಗಿದರೂ ಕೈ ತೆಗೆಯಲಿಲ್ಲ.

"ಸುಮ್ನಿದ್ಬಿಡಿ ಸ್ವಾಮಿ," ಎಂದ ಕೈಯೊಳಗಿಂದ. "ನಿಮ್ಮ ಕಾಲು ಹಿಡೀತೀನಿ."

"ಅಳಿಯ ಎಳೆದಿರಬಹುದಲ್ಲ?"

"ಅವನಾ? ಸ್ಪ್ಯಾನರ್‌ನ ಯಾವ ಕಡೆ ತಿರುಗಿಸ್ಬೇಕು ಅಂತ ಕೇಳಿ ತಿರುಗಿಸೋನು. ಸ್ಟಿಯರಿಂಗ್ ಹಿಡಿದ್ರೆ ರಾಜ, ಬಾನೆಟ್ ಎತ್ತಿದ್ರೆ ನೆಂಟ." ಮೇಸ್ತ್ರಿ ಕೈ ಇಳಿಸಿದ. ಕಣ್ಣು ಕೆಂಪಾಗಿತ್ತು. "ಆ ಮನೇಲಿ ಈ ಕೆಲಸ ಬರೋಳು ನನ್ನ ಮಗಳೊಬ್ಬಳೇ. ಬೆಂಕಿ ಬೀಳೋಕೆ ಸ್ವಲ್ಪ ದಿನ ಮುಂಚೆ ನಮ್ಮನೇಗೆ ಬಂದು, ಇನ್ನು ಅವರ ಜೊತೆ ಬಾಳೋಕಾಗಲ್ಲ ಅಪ್ಪ ಅಂದಿದ್ಲು. ಹೊಂದ್ಕೊಂಡು ಹೋಗು ಮಗಳೇ ಅಂತ ನಾನೇ ಸಮಾಧಾನ ಹೇಳಿ ವಾಪಸ್ ಕಳಿಸ್ದೆ. ನಾನೇ ಸ್ವಾಮಿ. ಬಾಗಿಲವರೆಗೂ ಹೋಗಿ ಬಿಟ್ಟು ಬಂದೆ."

ನಿಧಾನಪ್ಪನವರಿಗೆ ಈಗ ಎಲ್ಲ ತಿಳಿಯಿತು. ಈ ಮನುಷ್ಯ ಜೈಲಿಗೆ ಹೊರಟಿರುವುದು ತನ್ನ ತಪ್ಪಿಗಲ್ಲ. ಮಗಳು ಬೇಕೆಂದೇ ಮಾಡಿದಳೆಂದು ಅವನು ನಂಬಿಬಿಟ್ಟಿದ್ದ. ನಂಬಿದ ಮೇಲೆ ಅವಳನ್ನು ಒಂದು ಮಾತೂ ಕೇಳಿರಲಿಲ್ಲ. ಕೇಳಲು ಹೆದರಿದ್ದ.

"ಅವಳನ್ನ ಕೇಳ್ದೆಯಾ?"

"ಕೇಳಿ, ಅವಳು ಹೂಂ ಅಂದ್ರೆ?"

*

"ಏನು ಹೂಂ ಅನ್ಬೇಕು ನಾನು?"

ಬಾಗಿಲಲ್ಲಿ ಮೇಸ್ತ್ರಿಯ ಮಗಳು ಪುಟ್ಟಿ ನಿಂತಿದ್ದಳು. ಹೆಸರಿಗೆ ಪುಟ್ಟಿ, ಗೇರ್‌ಬಾಕ್ಸನ್ನು ಎದೆಗೊತ್ತಿ ಒಬ್ಬಳೇ ಎತ್ತುವ ಹೆಂಗಸು. ಆಸ್ಪತ್ರೆಯಿಂದ ನೇರ ಬಂದಿದ್ದಳು, ಕೈಯಲ್ಲಿ ಅಪ್ಪನ ಊಟದ ಡಬ್ಬಿ. ಕಣ್ಣಿನ ಸುತ್ತ ನಿದ್ದೆಯಿಲ್ಲದ ಕಪ್ಪು.

ಅವಳು ಡಬ್ಬಿ ಕೆಳಗಿಟ್ಟು ಅಪ್ಪನನ್ನು ನೋಡಿದಳು, ನಿಧಾನಪ್ಪನವರನ್ನು ನೋಡಿದಳು.

"ಪುಟ್ಟಿ, ಗಾಡಿಯ ರಿಟರ್ನ್ ಲೈನ್ ಬದಲಾಯಿಸಿದ್ದು ಯಾರಮ್ಮ?" ಎಂದರು ನಿಧಾನಪ್ಪ.

"ನಾನೇ. ಅದರಲ್ಲೇನಿದೆ?" ಎಂದಳು ಅವಳು ತಕ್ಷಣ. "ಮುಂದಿನ ಲೈನು ಫ್ಯಾನ್ ಬೆಲ್ಟಿಗೆ ಉಜ್ತಾ ಇತ್ತು. ಹೊಸ ಟರ್ಬೊ ಸ್ವಲ್ಪ ದೊಡ್ಡದು, ಜಾಗ ಸಾಲ್ತಿರಲಿಲ್ಲ. ಒಂದು ದಿನ ತೂತಾಗುತ್ತೆ ಅಂತ ಹಿಂದಿನ ತೂತಿಗೆ ತಿರುಗಿಸ್ದೆ. ಪಟ್ಟಿ ಹೊಡೆದು ಗಟ್ಟಿ ಮಾಡ್ದೆ. ಸುಟ್ಟದ್ದು ಬೇರೆ ಕಡೆಯಿಂದ ಅಂದ್ಕೊಂಡಿದ್ದೆ ದೊಡ್ಡಪ್ಪ, ಪೊಲೀಸ್ನೋರು ಅಪ್ಪನ ಕೆಲಸ, ಅಪ್ಪನ ಕೆಲಸ ಅಂತ ಟರ್ಬೊದ್ದೇ ಹೇಳ್ತಿದ್ರು."

ಮೇಸ್ತ್ರಿ ಮಗಳನ್ನೇ ನೋಡುತ್ತಿದ್ದ. ಅವಳ ದನಿಯಲ್ಲಿ ಮುಚ್ಚಿಡುವ ಎಳೆಯೇ ಇರಲಿಲ್ಲ. ಅವನು ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಇಳಿಜಾರು ನೋಡಿದ್ಯಾ?"

"ನೋಡ್ದೆ ಇರ್ತೀನಾ? ಅಪ್ಪ ಹೇಳ್ಕೊಟ್ಟ ಮೊದಲ ಪಾಠ. ಕೆಳಗೆ ಮಲಗಿ ಟಾರ್ಚ್ ಹಿಡಿದು ನೋಡ್ದೆ. ನೀಟಾಗಿ ಇಳೀತಿತ್ತು."

"ಗಾಡಿ ಎಲ್ಲಿತ್ತು?"

"ನಮ್ಮ ಶೆಡ್ಡಲ್ಲಿ. ಅಲ್ಲಿ ಗುಂಡಿ ಎಲ್ಲಿದೆ, ಮುಂದಿನ ಚಕ್ರ ಎತ್ತಿ ಎರಡು ಸ್ಟ್ಯಾಂಡಿನ ಮೇಲೆ..."

ಅವಳ ಮಾತು ಅಲ್ಲೇ ನಿಂತಿತು.

ಅವಳ ಬಲಗೈ ತಾನಾಗಿ ಮೇಲೆದ್ದು ಗಾಳಿಯಲ್ಲಿ ಗಾಡಿಯಾಯಿತು: ಬೆರಳ ತುದಿ ಮೇಲಕ್ಕೆ, ಮಣಿಕಟ್ಟು ಕೆಳಕ್ಕೆ. ಆಮೇಲೆ ಬೆರಳ ತುದಿ ಮೆಲ್ಲಗೆ ಇಳಿದು ಕೈ ಮಟ್ಟವಾಯಿತು. ಅವಳು ಆ ಕೈಯನ್ನೇ ನೋಡುತ್ತ ಗೋಡೆಗೊರಗಿ ಕೂತುಬಿಟ್ಟಳು.

"ಇಳೀತಿತ್ತು ದೊಡ್ಡಪ್ಪ," ಎಂದಳು ಸಣ್ಣ ದನಿಯಲ್ಲಿ. "ನಾನು ಕಣ್ಣಾರೆ ನೋಡ್ದೆ."

"ನೀನು ನೋಡಿದ್ದು ಸುಳ್ಳಲ್ಲಮ್ಮ. ಗಾಡಿಯ ನಿಲುವು ಸುಳ್ಳು. ಮಟ್ಟದ ನೆಲದಲ್ಲೇ ಬೆಳೆದೋಳು ನೀನು. ನೆಲವನ್ನ ಅನುಮಾನಿಸೋ ಪ್ರಮೇಯ ನಿನಗೆ ಬರಲೇ ಇಲ್ಲ."

"ಆಮೇಲೆ ಸ್ಟಾರ್ಟ್ ಮಾಡ್ದಾಗ ಹೊಗೆ ಬಂತು. ನೀಲಿ ಹೊಗೆ. ಈ ಎಂಜಿನ್ನಿಗೆ ಎಣ್ಣೆ ಕುಡಿಯೋ ಚಟ ಹುಟ್ಟಿನಿಂದಲೇ ಇದೆ, ಸ್ವಲ್ಪ ಹೊಗೆ ಬಿಟ್ರೇನು ಅಂತ ನಕ್ಕೆ. ನಕ್ಕೆ ಅಪ್ಪ ನಾನು."

ಮೇಸ್ತ್ರಿ ಎದ್ದು ಬಂದು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತ. ಅವಳ ತಲೆಯ ಮೇಲೆ ಕೈಯಿಟ್ಟ. "ನೀನು ಬೇಕು ಅಂತ ಮಾಡಿದ್ದು ಅಂದ್ಕೊಂಡಿದ್ದೆ ಕಣೇ," ಎಂದ. "ಇಷ್ಟು ದಿನ ನಿನ್ನ ಮುಖ ನೋಡ್ಕೊಂಡು, ಒಳಗೊಳಗೇ ಹಾಗಂದ್ಕೊಂಡಿದ್ದೆ."

ಪುಟ್ಟಿ ಅಪ್ಪನ ಕಡೆ ತಿರುಗಿದಳು. ಅವಳಿಗೆ ನೋವಾಯಿತೋ ಕನಿಕರವಾಯಿತೋ ಮುಖದಿಂದ ತಿಳಿಯುವ ಹಾಗಿರಲಿಲ್ಲ. "ಅದಕ್ಕೇನಾ ಬಂದು ಇಲ್ಲಿ ಕೂತಿದ್ದು? ನನ್ನ ಗಂಡನ್ನ ನಾನು ಸುಡ್ತೀನಾ ಅಪ್ಪ?"

"ಬಾಳೋಕಾಗಲ್ಲ ಅಂದಿದ್ದೆಯಲ್ಲ."

"ಬಾಳೋಕಾಗಲ್ಲ ಅಂದೆ. ಬದುಕಿರಬಾರದು ಅಂದೆನಾ?"

ಮೇಸ್ತ್ರಿ ತಲೆ ತಗ್ಗಿಸಿದ. ಪುಟ್ಟಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎದ್ದಳು. "ಸಾಹೇಬ್ರು ಎಲ್ಲಿದಾರೆ? ಹೇಳ್ಬಿಡ್ತೀನಿ. ಲೈನ್ ನಂದು. ಅಪ್ಪನ್ನ ಕೋರ್ಟಿಗೆ ಕರ್ಕೊಂಡು ಹೋಗೋ ಮುಂಚೆ ಹೇಳ್ಬಿಡ್ತೀನಿ."

"ಕೂತ್ಕೋ ಪುಟ್ಟಿ."

"ಇಲ್ಲ ದೊಡ್ಡಪ್ಪ."

"ಕೂತ್ಕೊಂಡು ಒಂದು ಮಾತು ಕೇಳು. ನಿನಗೂ ಗೊತ್ತಿರೋ ಮಾತೇ." ನಿಧಾನಪ್ಪ ಎಂದಿಗಿಂತ ನಿಧಾನವಾಗಿ ಹೇಳಿದರು. "ಲೈನಲ್ಲಿ ಎಣ್ಣೆ ಹಿಂದಕ್ಕೆ ನಿಂತ್ರೆ ಎಲ್ಲಿಗೆ ಹೋಗುತ್ತೆ?"

"ಟರ್ಬೊ ಸೀಲ್ ದಾಟಿ ಸೈಲೆನ್ಸರ್ ಕಡೆಗೆ."

"ಹೋದ್ರೆ?"

"ಹೊಗೆ. ಬಹಳ ದಿನ ಓಡಿಸಿದ್ರೆ ಟರ್ಬೊ ಹಾಳು..." ಅವಳು ಹುಬ್ಬು ಗಂಟಿಕ್ಕಿದಳು.

"ಬೆಂಕಿ?"

ಮೇಸ್ತ್ರಿಯೇ ಉತ್ತರ ಕೊಟ್ಟ. ಇಷ್ಟು ದಿನ ಅವನ ತಲೆಯಲ್ಲಿ ತಂದೆ ಮಾತ್ರ ಕೂತಿದ್ದ. ಈಗ ಮೇಸ್ತ್ರಿ ವಾಪಸ್ ಬಂದ ಹಾಗಿತ್ತು. "ಹತ್ತಲ್ಲ. ಎಣ್ಣೆ ಹೊರಗೆ ಬಂದು ಕೆಂಡದಂಥ ಎಕ್ಸಾಸ್ಟ್ ಪೈಪಿನ ಮೇಲೆ ಬೀಳದೆ ಹಾಗೆ ಬೆಂಕಿ ಹತ್ತಲ್ಲ. ಈ ಎಂಜಿನ್ನಿನ ಎಕ್ಸಾಸ್ಟ್ ಅಂತೂ ಬೇರೆಯದಕ್ಕಿಂತ ಬಿಸಿ."

"ಹೊಗೆಗೆ ಕಾರಣ ಸಿಕ್ತು," ಎಂದರು ನಿಧಾನಪ್ಪ. "ಬೆಂಕಿಗೆ ಇನ್ನೂ ಸಿಕ್ಕಿಲ್ಲ. ಪುಟ್ಟಿ, ಆ ತಪ್ಪು ನಿಂದು, ಒಪ್ಕೋ. ಆದ್ರೆ ಆ ತಪ್ಪು ಮನುಷ್ಯನ್ನ ಸುಡೋವಷ್ಟು ದೊಡ್ಡದಲ್ಲ."

ಕೋಣೆಯಲ್ಲಿ ಮೂವರೂ ಒಮ್ಮೆ ಉಸಿರು ಬಿಟ್ಟರು. ಅಪ್ಪ ಮಗಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡ, ಮಗಳು ಬಿಡಿಸಿಕೊಳ್ಳಲಿಲ್ಲ.

*

ಹೊರಗೆ ಜೀಪು ನಿಂತ ಸದ್ದಾಯಿತು. ಇನ್‌ಸ್ಪೆಕ್ಟರ್ ಸಾಹೇಬರು ಒಳಗೆ ಬಂದವರು ಟೋಪಿ ತೆಗೆದು ಮೇಜಿನ ಮೇಲಿಡಲು ಹೋಗಿ, ಇಡದೆ ಕೈಯಲ್ಲೇ ತಿರುಗಿಸುತ್ತ ನಿಂತರು.

ಪುಟ್ಟಿ ಎದ್ದು ನಿಂತಳು. "ಸಾಹೇಬ್ರೇ, ನಮ್ಮಪ್ಪ ಸುಳ್ಳು ಹೇಳಿದಾರೆ. ಆ ಲೈನ್ ಎಳೆದದ್ದು ನಾನು."

"ಅವಳ ಮಾತು ಕೇಳ್ಬೇಡಿ," ಎಂದ ಮೇಸ್ತ್ರಿ ಅಭ್ಯಾಸಬಲದಿಂದ.

"ಇಬ್ರೂ ಸ್ವಲ್ಪ ಸುಮ್ನಿರಿ." ಸಾಹೇಬರು ಕುರ್ಚಿ ಎಳೆದುಕೊಂಡರು. "ನನ್ನ ಕೆಲಸದಲ್ಲಿ ಒಂದು ತಪ್ಪಿಗೆ ಒಬ್ಬ ಒಪ್ಕೊಳ್ಳೋನು ಸಿಗೋದೇ ಕಷ್ಟ. ನಿಮ್ಮ ಮನೇಲಿ ಸರದಿ ನಿಂತಿದೀರಿ. ಪುಟ್ಟಮ್ಮ, ನೀವು ಆಸ್ಪತ್ರೆ ಬಿಟ್ಟ ಸ್ವಲ್ಪ ಹೊತ್ತಿಗೆ ನಿಮ್ಮ ಯಜಮಾನ್ರಿಗೆ ಎಚ್ಚರ ಆಯ್ತು."

ಪುಟ್ಟಿಯ ಕೈ ಬಾಯಿಗೆ ಹೋಯಿತು. "ಮಾತಾಡಿದ್ರಾ? ಹೇಗಿದಾರೆ?"

"ಡಾಕ್ಟರ್ ಪರವಾಗಿಲ್ಲ ಅಂದ್ರು. ಮಾತಾಡಿದ್ರು." ಸಾಹೇಬರು ನಿಧಾನಪ್ಪನವರ ಕಡೆ ತಿರುಗಿದರು. "ಮೊದಲ ಮಾತೇ, ಲೈನ್ ಎಳೆದೋನು ನಾನು, ಬೇರೆ ಯಾರನ್ನೂ ಹಿಡೀಬೇಡಿ ಅಂತ."

"ಅವರಿಗೆ ಲೈನ್ ಅಂದ್ರೇನು ಅಂತಾನೇ ಗೊತ್ತಿಲ್ಲ," ಎಂದಳು ಪುಟ್ಟಿ. ಅಳುವಿನ ನಡುವೆಯೇ ಸಣ್ಣ ನಗು ಬಂದಿತ್ತು. "ನನ್ನನ್ನ ಉಳಿಸೋಕೆ ಹೇಳಿರ್ತಾರೆ."

"ನಾನೂ ಹಾಗೇ ಅಂದ್ಕೊಂಡೆ. ಹೆಂಡತಿ ಮೇಲಿನ ಪ್ರೀತಿ ಅಂತ ಎದ್ದು ಹೊರಟೆ. ಆಗ ಇನ್ನೊಂದು ಮಾತು ಹೇಳಿದ್ರು." ಸಾಹೇಬರು ಟೋಪಿಯನ್ನು ಕೊನೆಗೂ ಮೇಜಿನ ಮೇಲಿಟ್ಟರು. "ಆ ರಬ್ಬರ್ ಲೈನನ್ನ ಚೇಂಬರಿನ ಹತ್ರ ಬಿಗಿಯಾಗಿ ಹಿಡಿದಿರೋ ಕ್ಲಿಪ್ ಇರುತ್ತಲ್ಲ, ಅದನ್ನ ಪೂರ್ತಿ ಸಡಿಲ ಮಾಡಿ ಬಿಟ್ಟೋನೂ ನಾನೇ ಅಂದ್ರು."

ನಿಧಾನಪ್ಪ ತಲೆಯೆತ್ತಿದರು.

"ಬೆಂಕಿ ಆರಿಸಿದ ದಿನವೇ ಆ ಕ್ಲಿಪ್ಪನ್ನ ನಾನು ತೆಗೆದು ಬೀರುವಿನಲ್ಲಿಟ್ಟೆ. ಸ್ಕ್ರೂ ಕೊನೆಯವರೆಗೂ ಬಿಚ್ಚಿತ್ತು. ಬೆಂಕಿಗೆ ಬಿಚ್ಚಿಕೊಂಡದ್ದಲ್ಲ, ಯಾರೋ ಕೈಯಾರೆ ಬಿಚ್ಚಿದ್ದು. ಇದನ್ನ ನಾನು ಯಾರಿಗೂ ಹೇಳಿಲ್ಲ. ಇವರಿಗೂ ಇಲ್ಲ, ನಿಮಗೂ ಇಲ್ಲ."

ಪುಟ್ಟಿಯ ಮುಖದ ನಗು ಹೋಗಿತ್ತು. "ನಾನು ಬಿಗಿ ಮಾಡಿದ್ದೆ," ಎಂದಳು. "ಎರಡೆರಡು ಸಲ ನೋಡಿ ಬಿಗಿ ಮಾಡಿದ್ದೆ."

"ಯಾಕೆ ಸಡಿಲ ಮಾಡಿದ್ರಿ ಅಂತ ಕೇಳಿದ್ರೆ ಗೋಡೆ ಕಡೆ ತಿರುಗಿದ್ರು. ನನಗೆ ಅರ್ಥ ಆಗದ್ದು ಅದೇ." ಸಾಹೇಬರು ಹಣೆ ಉಜ್ಜಿಕೊಂಡರು. "ತಾನೇ ಓಡಿಸೋ ಗಾಡಿಗೆ ತಾನೇ ಯಾರಾದ್ರೂ ಬೆಂಕಿ ಇಟ್ಕೋತಾರಾ?"

ಮೇಸ್ತ್ರಿ ಮಗಳನ್ನು ನೋಡಿದ. ಅವಳ ಕೈ ಅವನ ಕೈಯೊಳಗೆ ತಣ್ಣಗಾಗುತ್ತಿತ್ತು.

"ಆವತ್ತು ಅವರು ಓಡಿಸೋದಿರಲಿಲ್ಲ," ಎಂದಳು ಪುಟ್ಟಿ. "ಗಾಡಿಗೆ ಏನೇ ಹೊಸ ಕೆಲಸ ಆದ್ರೂ ಮೊದಲ ಸುತ್ತು ನಂದು. ಮದುವೆ ಆದಾಗಿನಿಂದ ಹಾಗೇ. ನಾನು ಸೀಟಲ್ಲಿ ಕೂತು ಬೆಲ್ಟ್ ಹಾಕ್ಕೊಂಡಿದ್ದೆ. ಅವರು ಎಲ್ಲಿಂದಲೋ ಓಡಿ ಬಂದು ಬಾಗಿಲು ತೆಗೆದು, ಒಂದು ಮಾತೂ ಆಡದೆ, ನನ್ನನ್ನ ಹೊರಗೆ ಎಳೆದು ಹಾಕಿ, ನನ್ನ ಜಾಗದಲ್ಲಿ ತಾವೇ ಕೂತು ಗಾಡಿ ಬಿಟ್ರು. ನಾನು ಓಡಿಸ್ತೀನಿ ಅಂತಲೇ ಕ್ಲಿಪ್ ಬಿಚ್ಚಿದ್ದು ಅವರು."